ಬ್ಯಾಂಡುಗಳಿಗೂ ಒಂದು ವೇದಿಕೆ ಬೇಕು

ಕನ್ನಡಿಗರಲ್ಲಿ ಬಹುಪಾಲು ಜನ ‘ತೈಕ್ಕುಡಂ ಬ್ರಿಡ್ಜ್’ ಹೆಸರು ಕೇಳಿದ್ದು 2022ರಲ್ಲಿ, ‘ಕಾಂತಾರ’ದ ವಿವಾದದ ನಡುವೆ. ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ನ ನಕಲು ಎಂದು ಕೇರಳದ ಈ ಬ್ಯಾಂಡ್ ಆರೋಪಿಸಿತು, ಹೋಲಿಕೆಗೆ ಕಾರಣ ರಾಗ, ನಕಲಲ್ಲ ಎಂದಿತು ಚಿತ್ರತಂಡ. ಕೇರಳದ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ನವೆಂಬರ್‌ನಲ್ಲಿ ಸಿನಿಮಾ ಒಟಿಟಿಗೆ ಬಂದಾಗ ಹಾಡಿನ ಧಾಟಿ ಬದಲಾಗಿತ್ತು, ಆಮೇಲೆ ಮೊದಲಿನ ಧಾಟಿಯೇ ಮರಳಿತು. ಈ ಗದ್ದಲದಲ್ಲಿ ಬ್ಯಾಂಡ್ ಬೆಳೆದು ಬಂದ ಕಥೆ ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

ಸ್ವಂತ ಹಾಡಿಗಾಗಿ ಕೋರ್ಟಿನ ಮೆಟ್ಟಿಲೇರಿದ ಈ ತಂಡ ಹೆಸರು ಮಾಡಿದ್ದು ಬೇರೆಯವರ ಹಾಡುಗಳಿಂದ.

ಗೋವಿಂದ್ ವಸಂತ ಮತ್ತು ಸಿದ್ಧಾರ್ಥ್ ಮೆನನ್ 2013ರಲ್ಲಿ ತಂಡ ಕಟ್ಟಿದರು. ಕೊಚ್ಚಿಯ ತೈಕ್ಕೂಡಂ ಪ್ರದೇಶದಿಂದ ಹೆಸರು ಬಂತು. ಮಲಯಾಳಂ ವಾಹಿನಿ ಕಪ್ಪ ಟಿವಿಯ ‘ಮ್ಯೂಸಿಕ್ ಮೋಜೋ’ ಕಾರ್ಯಕ್ರಮದಲ್ಲಿ ಅವರು ನುಡಿಸಿದ ‘ನಾಸ್ಟಾಲ್ಜಿಯಾ’ ಹಳೆಯ ಸಿನಿಮಾ ಹಾಡುಗಳ ಸರಮಾಲೆ. ಒಬ್ಬರ ದನಿ ಇಳಿಯುವಷ್ಟರಲ್ಲಿ ಇನ್ನೊಬ್ಬರು ಬೇರೊಂದು ಹಾಡು ಎತ್ತಿಕೊಳ್ಳುತ್ತಾರೆ. ಗಿಟಾರು, ಡ್ರಮ್ಸ್ ನಡುವೆ ಗೋವಿಂದ್ ಪಿಟೀಲು ನುಡಿಸುತ್ತಾರೆ. ಹುಡುಗರ ಗುಂಪಿನಲ್ಲಿ ಗೋವಿಂದ್ ಅವರ ತಂದೆ ಪೀತಾಂಬರನ್ ಮೆನನ್ ಕೂಡ ಹಾಡುಗಾರ. ಅಪ್ಪಂದಿರು ಕೇಳಿ ಬೆಳೆದ ಹಾಡು ಮಕ್ಕಳಿಗೂ ಹಿಡಿಸಿತು.

ಅಲ್ಲಿಗೇ ನಿಂತಿದ್ದರೆ ಅದೊಂದು ಒಳ್ಳೆಯ ಆರ್ಕೆಸ್ಟ್ರಾ ಆಗಿ ಉಳಿಯುತ್ತಿತ್ತು. ಆದರೆ ಮೀನಿನ ಅಡುಗೆಯನ್ನೇ ವಸ್ತುವಾಗಿಟ್ಟುಕೊಂಡ ಅವರದೇ ಹಾಡು ‘ಫಿಶ್ ರಾಕ್’ ಬಂತು, 2015ರಲ್ಲಿ ‘ನವರಸಂ’ ಆಲ್ಬಂ ಬಂತು. 2019ರ ‘ನಮಃ’ ಆಲ್ಬಂನಲ್ಲಿ ಅಮೆರಿಕದ ಬ್ಯಾಂಡ್ ಡ್ರೀಮ್ ಥಿಯೇಟರ್‌ನ ಕೀಬೋರ್ಡ್ ವಾದಕ ಜೋರ್ಡನ್ ರುಡೆಸ್ ಅವರಂಥವರೂ ಜೊತೆಗೂಡಿದರು.

ಈ ನಡುವೆ ತಂಡದ ಮುಖಗಳೂ ಬದಲಾದವು. ಸಿದ್ಧಾರ್ಥ್ ನಟನೆಯತ್ತ ಹೊರಳಿ, ಮುಂದೆ ಬ್ಯಾಂಡ್‌ನಿಂದ ದೂರವಾದರು. ಗೋವಿಂದ್ 2018ರ ತಮಿಳು ಚಿತ್ರ ‘96’ರ ಸಂಗೀತದಿಂದ ಮನೆಮಾತಾದರು. ಒಬ್ಬನೇ ನಾಯಕನನ್ನು ನೆಚ್ಚಿಕೊಂಡ ತಂಡವಾಗಿದ್ದರೆ ಇಷ್ಟಕ್ಕೇ ಚದುರಿಹೋಗುತ್ತಿತ್ತು. ಇಲ್ಲಿ ಮೊದಲ ದಿನದಿಂದಲೂ ಹಾಡುವವರು ಹಲವರು, ವೇದಿಕೆಯಲ್ಲಿ ಎಲ್ಲರಿಗೂ ಪಾಲು. ಹಾಗಾಗಿ ಬ್ಯಾಂಡ್ ಉಳಿಯಿತು.

ಕನ್ನಡದಲ್ಲೂ ಇಂಥ ಬ್ಯಾಂಡುಗಳು ಬೆಳೆಯಬಹುದು; ನಮ್ಮಲ್ಲಿ ಪ್ರತಿಭೆಗೆ ಬರವಿಲ್ಲ. ಗಣೇಶೋತ್ಸವ, ರಾಜ್ಯೋತ್ಸವದ ವೇದಿಕೆಗಳಲ್ಲಿ ರಾಜನ್–ನಾಗೇಂದ್ರರಿಂದ ಹಂಸಲೇಖವರೆಗೆ ಎಲ್ಲರ ಹಾಡುಗಳನ್ನೂ ನುಡಿಸುವ ವಾದಕರು ಊರೂರಲ್ಲಿ ಇದ್ದಾರೆ. ಆದರೆ ನಮ್ಮ ಟಿವಿಯ ಹಾಡಿನ ಸ್ಪರ್ಧೆಗಳು ಹುಡುಕುವುದು ಗಾಯಕರನ್ನು. ಹಿಂದೆ ಕುಳಿತು ನುಡಿಸುವವರ ಹೆಸರು ವೀಕ್ಷಕರಿಗೆ ಗೊತ್ತೇ ಆಗುವುದಿಲ್ಲ. ಇನ್ನೊಬ್ಬರ ಹಾಡು ನುಡಿಸುವುದೆಂದರೆ ಎರಡನೇ ದರ್ಜೆ ಎಂಬ ತಾತ್ಸಾರವೂ ಇದಕ್ಕೆ ಸೇರಿಕೊಂಡಿದೆ. ಆದರೆ ತೈಕ್ಕುಡಂ ಹುಡುಗರು ಕೇಳುಗರನ್ನು ಗಳಿಸಿಕೊಂಡದ್ದೇ ಅಂಥ ಹಾಡುಗಳಿಂದ. ಆಮೇಲೆ ಅದೇ ಜನ ಅವರ ಹೊಸ ಹಾಡುಗಳನ್ನೂ ಕೇಳಿದರು.

ಕನ್ನಡ ವಾಹಿನಿಗಳು ವಾರಕ್ಕೆ ಅರ್ಧ ಗಂಟೆಯನ್ನಾದರೂ ಬ್ಯಾಂಡುಗಳಿಗೆ ಕೊಡಲಿ. ತೀರ್ಪುಗಾರರು, ಎಲಿಮಿನೇಷನ್ ಯಾವುದೂ ಬೇಡ. ಮೂಲ ಸಂಗೀತ ನಿರ್ದೇಶಕರ ಹೆಸರು, ಹಾಡು ಬರೆದವರ ಹೆಸರು, ನುಡಿಸುವ ಪ್ರತಿಯೊಬ್ಬರ ಹೆಸರು ಪರದೆಯ ಮೇಲೆ ಬರಲಿ. ಪ್ರತಿ ಸಂಚಿಕೆಯಲ್ಲಿ ತಂಡದ್ದೇ ಒಂದು ಹೊಸ ಹಾಡು ಕಡ್ಡಾಯವಾಗಿರಲಿ.