ಶಾಪವಾರದು, ಪಾಪವಾರದು?

ಈಚೆಗೆ ಮಕ್ಕಳು ಶಾಲೆಯಿಂದ ಒಂದು ಪಟ್ಟಿಯನ್ನು ಮನೆಗೆ ತರುವುದುಂಟು. ಮನೆಯಲ್ಲಿ ದೀಪಗಳೆಷ್ಟು, ವರ್ಷಕ್ಕೆ ಅಡುಗೆ ಅನಿಲದ ಸಿಲಿಂಡರುಗಳೆಷ್ಟು, ವಾಹನಗಳೆಷ್ಟು ಎಂಬುದನ್ನೆಲ್ಲ ತುಂಬಿ ಕೂಡಿದರೆ ಆ ಕುಟುಂಬದ ‘ಇಂಗಾಲದ ಹೆಜ್ಜೆಗುರುತು’ ಇಷ್ಟೆಂದು ಗೊತ್ತಾಗುವುದಂತೆ. ಭೂಮಂಡಲದ ತಾಪವು ಏರುತ್ತಿರುವುದರಲ್ಲಿ ತಮ್ಮ ತಾಯಿಯ ಒಲೆಯದೂ ಅಪರಾಧವುಂಟೆಂದು ತಿಳಿದು ಮಕ್ಕಳು ಮುಖ ಬಾಡಿಸಿಕೊಳ್ಳುವರು. ಈ ಲೆಕ್ಕವು ಸುಳ್ಳಲ್ಲ. ಆದರೆ ಪೂರ್ಣವಾದ ಲೆಕ್ಕವೇ ಎಂಬುದನ್ನು ಗೃಹಸ್ಥರು ವಿಚಾರಿಸತಕ್ಕದ್ದಾಗಿದೆ.

ತಲಕಾಡಿನವರಿಗೆ ಇಂತಹ ವಿಚಾರವು ಹೊಸದಲ್ಲ. ಹಳೆಯ ಊರು ಮರಳಿನಲ್ಲಿ ಹೂತುಹೋದುದೇಕೆಂದು ಯಾರನ್ನು ಕೇಳಿದರೂ ಅಲಮೇಲಮ್ಮನ ಶಾಪವೆನ್ನುವರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಸ್ವಾಧೀನಪಡಿಸಿಕೊಂಡ ತರುವಾಯ, ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನ ಪತ್ನಿಯು, ಒಡವೆಗಳಿಗಾಗಿ ತನ್ನನ್ನು ಬೆನ್ನಟ್ಟಿದವರನ್ನು ಶಪಿಸಿ ಮಾಲಂಗಿಯ ಮಡುವಿಗೆ ಧುಮುಕಿದಳೆಂಬುದು ಕಥೆ. ವಿಜ್ಞಾನಿಗಳಾದ ಕೆ. ಎನ್. ಗಣೇಶಯ್ಯನವರು ಇದಕ್ಕೆ ಬೇರೊಂದು ಕಾರಣವನ್ನು ಸೂಚಿಸಿದ್ದಾರೆ. 14ನೆಯ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿಯು ಊರಿನ ಮೇಲುಗಡೆ ಕಾವೇರಿಗೆ ಅಣೆಯನ್ನು ಕಟ್ಟಿಸಿದುದರಿಂದ ಹೊಳೆಯ ಹರಿವು ತಗ್ಗಿ, ಪಾತ್ರದ ಮರಳು ಬಯಲಿಗೆ ಬಿದ್ದು, ಗಾಳಿಯು ಅದನ್ನು ಹೊತ್ತು ತಂದು ಊರಿನ ಮೇಲೆ ಸುರಿಯಿತೆಂಬುದು ಅವರ ಅಭಿಪ್ರಾಯ. ಅಣೆಯನ್ನು ಕಟ್ಟಿಸಿದವನು ದುಷ್ಟನಾಗಿದ್ದನೆಂದು ಇದರ ಅರ್ಥವಲ್ಲ. ಆ ಅಣೆಯ ನಾಲೆಯ ನೀರನ್ನು ನಮ್ಮ ಗದ್ದೆಗಳು ಇಂದಿಗೂ ಉಣ್ಣುತ್ತಿವೆ. ಆದರೆ ಶಾಪವನ್ನು ನಂಬಿದವನು ಶಾಂತಿಯನ್ನು ಮಾಡಿಸುವನೇ ಹೊರತು ಅಣೆಯ ಬಳಿಗೆ ಹೋಗಿ ನೋಡುವುದಿಲ್ಲ.

ಹೆಜ್ಜೆಗುರುತಿನ ಮಾತು ನಮ್ಮ ಮನೆಗೆ ಬಂದ ದಾರಿಯನ್ನೂ ಸ್ವಲ್ಪ ನೋಡಬೇಕು. ಅದನ್ನು ಲೋಕದಲ್ಲೆಲ್ಲ ಬಳಕೆಗೆ ತಂದವರಲ್ಲಿ ಬ್ರಿಟನ್ನಿನ ತೈಲದ ಕಂಪನಿಯಾದ ಬಿಪಿ ಪ್ರಮುಖವಾದುದು. 2004ರ ಸುಮಾರಿಗೆ ಆ ಕಂಪನಿಯು ಜಾಹೀರಾತುಗಳ ಮೂಲಕ, ನಿಮ್ಮ ನಿಮ್ಮ ಹೆಜ್ಜೆಗುರುತನ್ನು ನೀವೇ ಎಣಿಸಿಕೊಳ್ಳಿರೆಂದು ಜನರಿಗೆ ಉಪದೇಶಿಸಿತು. ಹೆಂಡದ ಅಂಗಡಿಯವನು ಗಿರಾಕಿಗಳಿಗೆ ಮಿತಪಾನದ ಪಾಠವನ್ನು ಹೇಳಿ, ಅಂಗಡಿಯ ಬಾಗಿಲನ್ನು ಮಾತ್ರ ಅಗಲಿಸುತ್ತ ಹೋದಂತಾಯಿತು. ಅಮೆರಿಕೆಯ ಎಕ್ಸಾನ್ ಕಂಪನಿಯ ವೃತ್ತಾಂತವು ಇದಕ್ಕಿಂತಲೂ ಕಟುವಾದುದು. ಅದರ ಸ್ವಂತ ವಿಜ್ಞಾನಿಗಳು 1970ರ ದಶಕದ ಕೊನೆಯಿಂದಲೇ ತಾಪವು ಎಷ್ಟೆಷ್ಟು ಏರುವುದೆಂದು ಗಣಿಸಿದ್ದರು. ಆ ಗಣನೆಗಳು ಬಹಳಮಟ್ಟಿಗೆ ನಿಜವಾದುವೆಂದು 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪರಿಶೋಧನೆಯು ತೋರಿಸಿತು. ಹೀಗಿದ್ದರೂ ಕಂಪನಿಯವರು ಬಹಿರಂಗವಾಗಿ ಅನೇಕ ವರ್ಷ ಸಂಶಯವನ್ನೇ ಬಿತ್ತಿದರು. ಅರಿಯದೆ ಮಾಡಿದುದಕ್ಕೂ ಅರಿತು ಮರೆಮಾಡಿದುದಕ್ಕೂ ನಮ್ಮ ಶಾಸ್ತ್ರಗಳಲ್ಲಿ ಒಂದೇ ಪ್ರಾಯಶ್ಚಿತ್ತವಿಲ್ಲ.

ಹಾಗಾದರೆ ಪಾಪವೆಲ್ಲ ಕಂಪನಿಗಳದೇ, ನಾವು ಕೈತೊಳೆದುಕೊಳ್ಳಬಹುದೇ? 1988ರಿಂದೀಚೆಗೆ ಉದ್ಯಮಗಳಿಂದ ಹೊರಬಿದ್ದ ಉಷ್ಣವರ್ಧಕ ಅನಿಲಗಳಲ್ಲಿ ನೂರಕ್ಕೆ 71 ಪಾಲು ಕೇವಲ 100 ಉತ್ಪಾದಕರಿಗೆ ಸಂಬಂಧಿಸಿದುದೆಂದು 2017ರ ಒಂದು ವರದಿಯು ಹೇಳಿತು. ಈ ಸಂಖ್ಯೆಯನ್ನು ಉತ್ಸಾಹದಿಂದ ಉದ್ಧರಿಸುವವರು ಎರಡು ಸಂಗತಿಗಳನ್ನು ಬಿಟ್ಟುಬಿಡುವರು. ಆ ನೂರರಲ್ಲಿ ನಮ್ಮ ಕೋಲ್ ಇಂಡಿಯಾ ಮೊದಲಾದ ಸರ್ಕಾರಿ ಸಂಸ್ಥೆಗಳೂ ಸೇರಿವೆ. ಮತ್ತು ಆ ಹೊಗೆಯಲ್ಲಿ ಹೆಚ್ಚಿನ ಪಾಲು, ಅವರು ತೆಗೆದ ಕಲ್ಲಿದ್ದಲನ್ನೂ ಎಣ್ಣೆಯನ್ನೂ ಕೊಂಡವರು ಉರಿಸಿದುದರಿಂದ ಆದುದು. ಕೊಂಡವರೆಂದರೆ ನಾವೂ ಸೇರಿದೆವು.

ಈ ತೊಡಕಿಗೆ ಆಪಸ್ತಂಬ ಧರ್ಮಸೂತ್ರದಲ್ಲಿ ಒಂದು ನಿರ್ಣಯವಿದೆ. ಕಾರ್ಯಕ್ಕೆ ಪ್ರೇರಿಸಿದವನು, ಒಪ್ಪಿದವನು, ಮಾಡಿದವನು ಮೂವರೂ ಅದರ ಫಲದಲ್ಲಿ ಭಾಗಿಗಳೆಂದು ಹೇಳಿ, ಸೂತ್ರಕಾರನು ಅಷ್ಟಕ್ಕೇ ನಿಲ್ಲದೆ, ಅವರಲ್ಲಿ ಯಾವನು ಹೆಚ್ಚಾಗಿ ನಡೆಸಿದನೋ ಅವನಿಗೆ ಫಲದಲ್ಲಿಯೂ ವಿಶೇಷವಾದ ಪಾಲೆಂದು ವಿಧಿಸುತ್ತಾನೆ. ಪಾಲಿಗೆ ಹೊರತಾದವರಿಲ್ಲ, ಎಲ್ಲರ ಪಾಲೂ ಸಮವಲ್ಲ. ಭಾರತದಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದರೆ, ಅಮೆರಿಕೆಯಲ್ಲಿ ಸುಮಾರು 14 ಟನ್. ನಮ್ಮ 2 ಟನ್ನಿನೊಳಗೂ ಬೆಂಗಳೂರಿನ ಎರಡು ಕಾರುಗಳ ಮನೆಯೂ ಹೊಳೆದಂಡೆಯ ಗುಡಿಸಲೂ ಒಂದೇ ಸಾಲಿನಲ್ಲಿ ಕುಳಿತಿವೆ.

ಇನ್ನು ಗೃಹಸ್ಥನ ಕೈಯಲ್ಲಿ ಎಷ್ಟಿದೆ? ದೀಪದ ಗುಂಡಿಯನ್ನು ಒತ್ತುವುದು, ಒತ್ತದಿರುವುದು ಅವನ ಕೈಯಲ್ಲಿದೆ. ಆ ದೀಪವು 1985ರಿಂದ ರಾಯಚೂರಿನ ಶಕ್ತಿನಗರದಲ್ಲಿ ಉರಿಯುತ್ತಿರುವ ಕಲ್ಲಿದ್ದಲಿನಿಂದ ಬೆಳಗಬೇಕೋ ಪಾವಗಡದ ಬಿಸಿಲಿನಿಂದ ಬೆಳಗಬೇಕೋ ಎಂಬುದು ಅವನ ಕೈಯಲ್ಲಿಲ್ಲ. ಪಾವಗಡದಲ್ಲಿ ರೈತರಿಂದ ಸುಮಾರು 13000 ಎಕರೆ ಜಮೀನನ್ನು ಗುತ್ತಿಗೆಗೆ ಪಡೆದು 2050 ಮೆಗಾವಾಟ್ ಸಾಮರ್ಥ್ಯದ ಸೌರ ಸ್ಥಾವರವನ್ನು ನಿಲ್ಲಿಸಿದರು. ಇಂತಹುದನ್ನು ಎಷ್ಟು ಮನೆಗಳು ಎಷ್ಟು ದೀಪಗಳನ್ನು ಆರಿಸಿದರೂ ಸಾಧಿಸಲಾಗದು.

ನಮ್ಮ ಸೀಮೆಗೆ ಇನ್ನೂ ಹತ್ತಿರವಾದ ಉದಾಹರಣೆಯು ಬತ್ತದ ಗದ್ದೆಯದು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಾಡದೆ, ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಎಂಬ ಅನಿಲವನ್ನು ಹುಟ್ಟಿಸುವುವು; ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ತಾಪಕಾರಿ. ಇದನ್ನು ಬಹಳವಾಗಿ ತಗ್ಗಿಸುವ ಉಪಾಯವು ಕಷ್ಟವಾದುದಲ್ಲ. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಯವರು ಪ್ರಚಾರಪಡಿಸಿದಂತೆ, ತೂತುಗಳುಳ್ಳ ಕೊಳವೆಯೊಂದನ್ನು ಗದ್ದೆಯಲ್ಲಿ ಹೂಳಿ, ಅದರೊಳಗಿನ ನೀರು ನೆಲದ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿಯುವವರೆಗೂ ಕಾದು, ಆಮೇಲೆ ಮತ್ತೆ ನೀರು ಕಟ್ಟುವುದು. ಹೂವಾಡುವ ಕಾಲದಲ್ಲಿ ಮಾತ್ರ ಒಣಗಲು ಬಿಡಕೂಡದು. ನೀರು ಉಳಿಯುವುದು, ಇಳುವರಿಗೆ ಕುಂದಿಲ್ಲ.

ಆದರೆ ನಾಲೆಯ ಕೆಳಗಿನ ಒಬ್ಬ ರೈತನು ಇದನ್ನು ಒಂಟಿಯಾಗಿ ಮಾಡುವುದೆಂತು? ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಹರಿಯುವುದು; ಇವನು ಒಣಗಿಸಬೇಕೆಂದಾಗ ಮೇಲಿನವನ ನೀರು ಇವನ ಬದುವನ್ನು ದಾಟಿ ಬರುವುದು. ಒಣಗಿಸಿದ ಮೇಲೆ, ಬೇಕಾದ ದಿನಕ್ಕೆ ನಾಲೆಯಲ್ಲಿ ನೀರು ಇರುವುದೆಂಬ ಭರವಸೆಯೂ ಇಲ್ಲವಾದುದರಿಂದ, ಸಿಕ್ಕಾಗ ತುಂಬಿಕೊಳ್ಳುವುದೇ ವಿವೇಕವೆಂದು ತಿಳಿಯುವನು. ಅವನನ್ನು ದೂಷಿಸುವುದು ಅನ್ಯಾಯ. ತೂಬನ್ನು ತೆಗೆಯುವ, ಮುಚ್ಚುವ ಸರದಿಯನ್ನು ಗೊತ್ತುಮಾಡುವವರು ನೀರಾವರಿ ಇಲಾಖೆಯವರು. ವಿಶೇಷವಾದ ಪಾಲು ಇಲ್ಲಿ ಅವರದು. ಸರದಿಯು ಮೊದಲೇ ಪ್ರಕಟವಾಗಿ ತಪ್ಪದೆ ನಡೆದರೆ ಆ ಬಳಿಕ ಕೊಳವೆಯನ್ನು ಹೂಳದ ರೈತನನ್ನು ಕೇಳಬಹುದು. ಅಲ್ಲಿಯವರೆಗೆ ರೈತನಿಗೂ ಒಂದು ಕೆಲಸವುಂಟು: ನೀರು ಬಳಕೆದಾರರ ಸಂಘದ ಸಭೆಗೆ ಹೋಗಿ, ಸರದಿಯನ್ನು ಬರಹದಲ್ಲಿ ಕೊಡಿರೆಂದು ಕೇಳುವುದು. ಒಬ್ಬನು ಕೇಳಿದರೆ ನಗುವರು, ನಾಲೆಯುದ್ದಕ್ಕೂ ಇರುವವರು ಕೂಡಿ ಕೇಳಿದರೆ ಉತ್ತರ ಕೊಡಬೇಕಾಗುವುದು.

ನಂಜನಗೂಡಿನ ಕಡೆ ಕಪಿಲೆಯ ನಾಲೆಗಳ ಕೆಳಗೆ ಬೇಸಾಯವುಳ್ಳ ವಾಚಕರು, ತಮ್ಮಲ್ಲಿ ನೀರು ಬಿಡುವ ಕ್ರಮವು ಹೇಗೆ ನಡೆಯುತ್ತಿದೆಯೆಂದು ಬರೆದು ತಿಳಿಸಿದರೆ, ಅದನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸಲಾಗುವುದು.