ಹೂದೋಟದ ದೀಪ, ಮಣ್ಣಿನಡಿಯ ತಂತಿ

1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳು ಬೆಳಗಿದಾಗ, ಆ ದೀಪ ಮನೆಯೊಳಗೆ ಬರುವುದೇ ವೈಭವವೆನಿಸಿತ್ತು. ಇಂದು ಅದು ಮನೆಯೊಳಗಿನಿಂದ ಮತ್ತೆ ಹೊರಗೆ ಹೊರಟಿದೆ. ಹುಲ್ಲುಹಾಸಿನ ಅಂಚಿಗೆ ಸಾಲುದೀಪ, ಕಾರಂಜಿಗೆ ಪಂಪು, ಹುಲ್ಲು ಕತ್ತರಿಸುವ ಯಂತ್ರಕ್ಕೊಂದು ಸಾಕೆಟ್ಟು! ಕೈತೋಟವಿರುವ ಮನೆಗಳಲ್ಲೂ ವಸತಿ ಸಮುಚ್ಚಯಗಳಲ್ಲೂ ಇವು ಸಾಮಾನ್ಯವಾಗಿವೆ. ಈ ಬಯಕೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದನ್ನು ಈಡೇರಿಸಿಕೊಳ್ಳುವ ರೀತಿಯ ಬಗ್ಗೆ. ಮನೆಯೊಳಗಿನ ವೈರಿಂಗಿಗೆ ನಕ್ಷೆಯಿರುತ್ತದೆ, ಪರವಾನಗಿ ಪಡೆದ ಗುತ್ತಿಗೆದಾರನಿರುತ್ತಾನೆ. ತೋಟದ ವೈರಿಂಗ್ ಮಾತ್ರ ಗೃಹಪ್ರವೇಶದ ಹಿಂದಿನ ವಾರ, ಕೈಗೆ ಸಿಕ್ಕ ತಂತಿಯಲ್ಲಿ ಮುಗಿದುಹೋಗುತ್ತದೆ.

ವಾಸ್ತವವಾಗಿ ಹೆಚ್ಚಿನ ಎಚ್ಚರ ಬೇಕಾದುದು ಹೊರಗೆ. ಒಳಗೂ ಹೊರಗೂ ಹರಿಯುವುದು ಅದೇ 230 ವೋಲ್ಟ್. ಆದರೆ ಒಳಗೆ ನಾವು ಒಣ ನೆಲದ ಮೇಲಿರುತ್ತೇವೆ. ಹೊರಗೆ ತೇವದ ಮಣ್ಣಿನಲ್ಲಿ, ಅನೇಕ ವೇಳೆ ಬರಿಗಾಲಿನಲ್ಲಿ. ಎಂಸಿಬಿ ಇದೆಯಲ್ಲ ಎಂದು ಅನೇಕ ವಿದ್ಯಾವಂತರೂ ನಿಶ್ಚಿಂತರಾಗಿರುವುದುಂಟು. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿ ಅದಕ್ಕೂ ಮಿಗಿಲಾದ ಪ್ರವಾಹಕ್ಕಷ್ಟೇ ಕಡಿತಗೊಳ್ಳುತ್ತದೆ. ದೇಹಕ್ಕೆ ಅದರ ಐನೂರರಲ್ಲೊಂದು ಪಾಲೂ ಅಪಾಯಕಾರಿಯೇ. ಜೀವ ಉಳಿಸಬಲ್ಲದು 30 ಮಿಲಿ ಆಂಪಿಯರಿನಷ್ಟು ಸೋರಿಕೆಗೇ ಸಂಪರ್ಕ ಕಡಿಯುವ ಆರ್‌ಸಿಸಿಬಿ.

ಇಷ್ಟು ಸರಳ ಸಂಗತಿ ಏಕೆ ಆಚರಣೆಗೆ ಬರುವುದಿಲ್ಲ? ಇದಕ್ಕೆ ಅರ್ಥಶಾಸ್ತ್ರದಲ್ಲಿ ಉತ್ತರವಿದೆ. ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ ಜಾರ್ಜ್ ಅಕರ್‌ಲಾಫ್ 1970ರಲ್ಲಿ ತೋರಿಸಿಕೊಟ್ಟಂತೆ, ಸರಕಿನ ಗುಣ ಮಾರುವವನಿಗಷ್ಟೇ ತಿಳಿದಿದ್ದಾಗ ಕಳಪೆ ಸರಕು ಒಳ್ಳೆಯದನ್ನು ಹೊರದೂಡುತ್ತದೆ. ಹೂತ ಕೇಬಲ್ ಇಂಥ ಸರಕಿನ ಪರಮ ನಿದರ್ಶನ. ಮಣ್ಣು ಮುಚ್ಚಿದ ಮೇಲೆ ಎರಡಡಿ ಆಳದ ಉತ್ತಮ ಕೇಬಲಿಗೂ ಎರಡಂಗುಲದ ಅಡಿಯ ಬರಿಯ ವೈರಿಗೂ ಮಾಲೀಕನ ಕಣ್ಣಿಗೆ ವ್ಯತ್ಯಾಸವಿಲ್ಲ. ಎರಡರ ದೀಪವೂ ಒಂದೇ ಹೊಳಪಿನಿಂದ ಉರಿಯುತ್ತದೆ. ಪ್ರಾಮಾಣಿಕ ಕೆಲಸಗಾರನ ದರ ದುಬಾರಿಯೆನಿಸಿ ಅವನು ಹೊರಗುಳಿಯುತ್ತಾನೆ.

ಎರಡನೆಯದು ಇನ್ನೂ ಗಂಭೀರ. ಉಳಿತಾಯ ಮಾಲೀಕನದು, ಅಪಾಯ ಇನ್ನೊಬ್ಬರದು. ಮಳೆ ನಿಂತೊಡನೆ ಗುದ್ದಲಿ ಹಿಡಿದು ಪಾತಿಗಿಳಿಯುವವನು ಮಾಲಿ. ದೀಪದ ಕಂಬ ಮುಟ್ಟಿ ಆಡುವವು ಮಕ್ಕಳು. ತಂತಿಯ ಆಯ್ಕೆಯಲ್ಲಿ ಅವರನ್ನು ಕೇಳಿದವರಿಲ್ಲ. 2023ರ ನವೆಂಬರಿನಲ್ಲಿ ಬೆಂಗಳೂರಿನ ಕಾಡುಗೋಡಿ ಬಳಿ ಪಾದಚಾರಿ ಮಾರ್ಗದಲ್ಲಿ ಬಿದ್ದಿದ್ದ ತಂತಿ ತಗುಲಿ ತಾಯಿ ಮತ್ತು ಹಸುಗೂಸು ಅಸುನೀಗಿದರು. ಅದು ತೋಟದ ವೈರಿಂಗಲ್ಲ, ನಿಜ. ಆದರೆ ನೆಲದ ಮೇಲಿನ ವಿದ್ಯುತ್ತು ನಡೆದುಹೋಗುವ ನಿರಪರಾಧಿಯನ್ನೇ ಬಲಿ ಪಡೆಯುತ್ತದೆ ಎಂಬ ಸತ್ಯ ಎರಡಕ್ಕೂ ಸಮಾನ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಂತೆ 2021ರಲ್ಲಿ ದೇಶದಲ್ಲಿ ವಿದ್ಯುದಾಘಾತಕ್ಕೆ ಬಲಿಯಾದವರು 12 ಸಾವಿರಕ್ಕೂ ಹೆಚ್ಚು.

ಹಾಗಾದರೆ ಯೋಜನೆಯೆಂದರೇನು? ಗಿಡ ನೆಡುವ ಮೊದಲೇ ದೀಪ, ಪಂಪು, ಸಾಕೆಟ್ಟುಗಳ ಸ್ಥಾನವನ್ನು ಕಾಗದದ ಮೇಲೆ ಗುರುತಿಸಬೇಕು. ತೋಟಕ್ಕೆ ಪ್ರತ್ಯೇಕ ಸರ್ಕ್ಯೂಟ್, ಪ್ರತ್ಯೇಕ ಆರ್‌ಸಿಸಿಬಿ, ಸಮರ್ಪಕ ಅರ್ತಿಂಗ್ ಇರಬೇಕು. ಕಡಿಮೆ ವೋಲ್ಟೇಜಿನ ಕೇಬಲನ್ನು ನೆಲದಲ್ಲಿ ಹೂಳಲು ಭಾರತೀಯ ಮಾನಕ ಸೂಚಿಸುವ ಆಳ 75 ಸೆಂಟಿಮೀಟರ್. ಕೇಬಲ್ ಆರ್ಮರ್ಡ್ ಆಗಿರಲಿ, ಮೇಲೆ ಮರಳು, ಇಟ್ಟಿಗೆ, ಎಚ್ಚರಿಕೆಯ ಪಟ್ಟಿ ಇರಲಿ. ದೀಪಗಳಿಗಷ್ಟೇ ಆದರೆ ಸುರಕ್ಷಾ ಟ್ರಾನ್ಸ್‌ಫಾರ್ಮರಿನ ಮೂಲಕ 12 ವೋಲ್ಟ್ ಸಾಕು. ಅದಕ್ಕೂ ಲೆಕ್ಕ ಬೇಕು: 60 ವ್ಯಾಟಿನ ದೀಪಗಳಿಗೆ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಹರಿದರೆ 12 ವೋಲ್ಟಿನಲ್ಲಿ 5 ಆಂಪಿಯರ್ ಹರಿಯುತ್ತದೆ. ತಂತಿ ಸಣ್ಣದಾದರೆ ಸಾಲಿನ ಕೊನೆಯ ದೀಪ ಮಂಕಾಗುತ್ತದೆ.

ಸರ್ಕಾರಿ ಸೇವೆಯಲ್ಲಿದ್ದಾಗ ಕಾಮಗಾರಿಗಳ ಕಡತಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು, ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಅಳತೆ ಪುಸ್ತಕದಲ್ಲಿ ದಾಖಲಿಸಬೇಕೆಂಬ ಹಳೆಯ ಶಿಸ್ತಿನ ಬೆಲೆ. ಅದು ಸಡಿಲವಾದಲ್ಲೆಲ್ಲ ವಿವಾದ ಹುಟ್ಟಿದೆ. ಈ ಶಿಸ್ತು ಸರ್ಕಾರದ ಸ್ವತ್ತಲ್ಲ. ನಿವಾಸಿಗಳ ಸಂಘಗಳು ಒಪ್ಪಂದದಲ್ಲೇ ಮೂರು ಷರತ್ತು ಸೇರಿಸಲಿ: ಕಾಲುವೆ ಮುಚ್ಚುವ ಮುನ್ನ ತಪಾಸಣೆ ಮತ್ತು ಛಾಯಾಚಿತ್ರ, ಕೇಬಲ್ ಹಾದಿಯ ನಕ್ಷೆ, ಪರವಾನಗಿದಾರನ ಸಹಿಯಿರುವ ಪರೀಕ್ಷಾ ವರದಿ. ಇವು ಕೈಸೇರಿದ ಮೇಲೆಯೇ ಕೊನೆಯ ಕಂತು ಪಾವತಿಯಾಗಲಿ. ಸಾರ್ವಜನಿಕ ಉದ್ಯಾನಗಳ ಟೆಂಡರಿನಲ್ಲೂ ದೀಪಗಳ ಸಂಖ್ಯೆಯಷ್ಟೇ ಸ್ಪಷ್ಟವಾಗಿ ಇವು ನಮೂದಾಗಲಿ.

ಇದಕ್ಕೆ ತಗಲುವ ಹೆಚ್ಚುವರಿ ವೆಚ್ಚ ಅಲಂಕಾರದ ಒಟ್ಟು ಖರ್ಚಿನ ಮುಂದೆ ಅಲ್ಪ. ಆ ಅಲ್ಪ ವೆಚ್ಚಕ್ಕೂ ಮನಸ್ಸಿಲ್ಲದಿದ್ದರೆ ತೋಟ ರಾತ್ರಿ ಕತ್ತಲಾಗಿರುವುದೇ ಲೇಸು. ಬೆಳಗಾದರೆ ಅಲ್ಲಿ ದುಡಿಯಲು ಬರುವವನು ಸಂಜೆ ಕ್ಷೇಮವಾಗಿ ಮನೆಗೆ ಮರಳಬೇಕು.