ತೊಳೆಸದ ರೀಲು ಎಸೆಯಬೇಡಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹಳೆ ಟ್ರಂಕುಗಳಲ್ಲಿ ತೊಳೆಸದೆ ಉಳಿದ ಕಲರ್ ರೀಲು ಇನ್ನೂ ಸಿಗಬಹುದು. ತೋರಿಸಿದರೆ ಬರುವ ಉತ್ತರ: 'ಡೇಟ್ ಮುಗಿದಿದೆ, ಏನೂ ಬರಲ್ಲ, ಎಸೆಯಿರಿ.' ಈ ಮಾತು ಅರ್ಧ ಸತ್ಯ.

ಕಲರ್ ರೀಲಿನಲ್ಲೂ ಬೆಳಕು ಹಿಡಿಯುವುದು ಬೆಳ್ಳಿಯ ಲವಣವೇ. ಸಿ-41 ಎಂಬ ಕಲರ್ ವಿಧಾನದಲ್ಲಿ ಬಣ್ಣ ಮೂಡಿಸಿ, ಬೆಳ್ಳಿಯನ್ನು ತೆಗೆದುಬಿಡುತ್ತಾರೆ. ಡಿ-76ರಂಥ ಕಪ್ಪು-ಬಿಳುಪು ಡೆವಲಪರ್‌ನಲ್ಲಿ ಬಣ್ಣ ಮೂಡುವುದಿಲ್ಲ, ಬೆಳ್ಳಿಯ ಚಿತ್ರ ಉಳಿಯುತ್ತದೆ. ಕೊಡಾಕ್ರೋಮ್ ರೀಲನ್ನು ಕಲರ್‌ನಲ್ಲಿ ತೊಳೆಯುವ ಕೊನೆಯ ಲ್ಯಾಬ್ ಅಮೆರಿಕದಲ್ಲಿ 2011ರಲ್ಲಿ ಆ ಕೆಲಸ ನಿಲ್ಲಿಸಿತು. ಅಲ್ಲಿನವರೂ ಈಗ ಹಿಡಿದಿರುವುದು ಇದೇ ದಾರಿ.

ಚಿತ್ರ ಮಸುಕಾಗಿರುತ್ತದೆ, ನೆಗೆಟಿವ್ ಕಿತ್ತಳೆ ಬಣ್ಣದಲ್ಲಿರುತ್ತದೆ, ನಿಜ. ಹೊಸ ರೀಲಿಗೆ ಇದು ಬೇಡ. ಆದರೆ 25 ಬೇಸಿಗೆಯ ಝಳ ತಿಂದ ರೀಲಿನಲ್ಲಿ ಬಣ್ಣ ಹೇಗೂ ಕೆಟ್ಟಿರುತ್ತದೆ. ತೀರಿಹೋದ ಅಜ್ಜನ ಮುಖ ಕಪ್ಪು-ಬಿಳುಪಿನಲ್ಲಿ ಕಂಡರೆ ಸಾಲದೆ?

ರೀಲನ್ನು ಬೆಳಕಿನಲ್ಲಿ ಎಳೆದು ನೋಡಬೇಡಿ, ಎಳೆದಷ್ಟೂ ಹಾಳು. ಕಪ್ಪು-ಬಿಳುಪು ತೊಳೆಯುವವರನ್ನು ಹುಡುಕಿ. ನೆಗೆಟಿವ್ ಕೈಗೆ ಬಂದಮೇಲೆ ಬಿಳಿ ಬೆಳಕಿಗೆ ಹಿಡಿದು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ತಿರುಗಿಸುವ ಆ್ಯಪ್‌ಗಳಿವೆ. ಪ್ರಯತ್ನಿಸಿದರೆ ಬರದೆಯೂ ಹೋಗಬಹುದು. ಎಸೆದರೆ ಮಾತ್ರ ಖಂಡಿತ ಬರುವುದಿಲ್ಲ.